ಎಳೆ ಸಸಿಗೆ ಗೊಬ್ಬರ ಯಾವಾಗ?

ಪ್ರಶ್ನೆ: ಡೊಂಬಿವಲಿಯ ನಮ್ಮ ಫ್ಲ್ಯಾಟ್‌ನ ಕಿಟಕಿಯಲ್ಲಿ ಬ್ಯಾಡಗಿ ಮೆಣಸಿನ ಬೀಜ ಹಾಕಿದ್ದೆ. ಬರೀ ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್‌ನಲ್ಲಿ ಮೊಳೆತು ಎರಡೆರಡು ಎಲೆ ಬಿಟ್ಟಿವೆ. ಸಸಿಗಳು ಸಣಕಲು. ಈಗಲೇ ಗೊಬ್ಬರ ಕೊಡಲಾ?

ಉತ್ತರ: ಈಗ ಬೇಡ. ನೀವು ನೋಡುತ್ತಿರುವ ಆ ಉದ್ದನೆಯ ನಯವಾದ ಜೋಡಿ ಬೀಜದೆಲೆ. ಸಸಿಯ ಮೊದಲ ಬುತ್ತಿ ಬೀಜದಲ್ಲೇ ಇರುತ್ತದೆ. ಆ ಬೀಜದೆಲೆಗಳ ನಡುವಿನಿಂದ ನರ ಎದ್ದು ಕಾಣುವ, ಮೆಣಸಿನ ಗಿಡದ್ದೇ ಆಕಾರದ ಎಲೆ ಬರಬೇಕು. ಅಂಥವು ಎರಡು ಜೋಡಿ ಬಂದಾಗ ಶುರು ಮಾಡಿ.

ಕೋಕೋಪೀಟ್‌ನಲ್ಲಿ ಸಾರ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಆಮೇಲೆ ಜಾಸ್ತಿ ತಡ ಮಾಡಬೇಡಿ. ಎರೆಗೊಬ್ಬರ ಬೆರೆಸಿದ್ದರೆ ಇನ್ನಷ್ಟು ದಿನ ಕಾಯಬಹುದಿತ್ತು. ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ ಗೊಬ್ಬರ) ಸಿಗುತ್ತದಲ್ವಾ, ಅದನ್ನು ಲೀಟರಿಗೆ ಅರ್ಧ ಗ್ರಾಂನಷ್ಟೇ ಕಲಸಿ, ವಾರಕ್ಕೊಮ್ಮೆ ಕೊಡಿ. ಪೀಟ್ ಒಣಗಿದ್ದರೆ ಮೊದಲು ಬರೀ ನೀರು ಹಾಕಿ. ಎಲೆಯ ತುದಿ ಕಂದಾಗಿ ಸುಟ್ಟಂತೆ ಕಂಡರೆ ಗೊಬ್ಬರ ನಿಲ್ಲಿಸಿ, ಬರೀ ನೀರನ್ನೇ ತಳದ ತೂತಿನಿಂದ ಹರಿಯುವಷ್ಟು ಸುರಿಯಿರಿ. ಯೂರಿಯಾ ಮಾತ್ರ ದಯವಿಟ್ಟು ಮುಟ್ಟಬೇಡಿ.

ಸಸಿ ಸಣಕಲಾಗಿರುವುದು ಹಸಿವಿನಿಂದ ಅಲ್ಲ, ಬೆಳಕು ಸಾಲದೆ ಅಂತ ನನಗೆ ಬಲವಾಗಿ ಅನಿಸುತ್ತದೆ. ಮಳೆಗಾಲದಲ್ಲಿ ನಮ್ಮ ಪುಣೆಯ ಗ್ಯಾಲರಿಯಲ್ಲೂ ಇದೇ ಪಾಡು. ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಗಿಂತ ಒಂದು ಗೇಣು ಮೇಲೆ ಕಟ್ಟಿ, ದಿನಕ್ಕೆ 14 ಗಂಟೆ ಉರಿಸಿ.