ಕಲ್ಪಿತ ಬ್ರಹ್ಮಾಂಡಗಳಲ್ಲಿ ಓಡಾಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಹಳ ವರ್ಷಗಳಿಂದ ವಿಜ್ಞಾನ ಕಾದಂಬರಿಗಳನ್ನು ಓದುತ್ತ ಬಂದವನು. ವಿಡಿಯೊ ಗೇಮ್ ಆಡುವ ನನ್ನ ಮಗ, “ಅಪ್ಪ, ನೀವು ಓದಿದ ಲೋಕದಲ್ಲಿ ನಾನು ಓಡಾಡಿಯೇ ಬಂದಿದ್ದೇನೆ” ಎನ್ನುತ್ತಾನೆ. ಇದು ಬರಿಯ ಬಡಾಯಿಯೋ, ಇಲ್ಲವೆ ಕಾದಂಬರಿ ಕೊಡಲಾರದ್ದು ಏನಾದರೂ ಆಟದಲ್ಲಿ ಇದೆಯೋ?

ಉತ್ತರ: ನಿಮ್ಮ ಮಗನ ಮಾತನ್ನು ಬಡಾಯಿ ಎಂದು ತಳ್ಳಿಹಾಕುವಂತಿಲ್ಲ. ಈ ಎರಡರ ನಂಟು ವಿಡಿಯೊ ಗೇಮಿನಷ್ಟೇ ಹಳೆಯದು. 1962ರಲ್ಲಿ ಅಮೆರಿಕದ ತಂತ್ರಜ್ಞಾನ ವಿದ್ಯಾಸಂಸ್ಥೆ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು ಪಿಡಿಪಿ-1 ಕಂಪ್ಯೂಟರಿಗಾಗಿ ‘ಸ್ಪೇಸ್‌ವಾರ್’ ಆಟವನ್ನು ಬರೆದಾಗ ಅವರ ತಲೆಯಲ್ಲಿ ತುಂಬಿಕೊಂಡಿದ್ದದ್ದು ಇ. ಇ. ಸ್ಮಿತ್ ಅವರ ಅಂತರಿಕ್ಷ ಸಾಹಸದ ಕಾದಂಬರಿಗಳು. ಆಟದ ಹಿನ್ನೆಲೆಯಲ್ಲಿ ಚುಕ್ಕಿಗಳನ್ನು ಮನಬಂದಂತೆ ಚೆಲ್ಲಿದ್ದು ಆ ಗುಂಪಿನ ಪೀಟರ್ ಸ್ಯಾಮ್ಸನ್ ಅವರಿಗೆ ಸರಿಬೀಳಲಿಲ್ಲ; ಅವರು ಕುಳಿತು ನಿಜವಾದ ಆಕಾಶದ ನಕ್ಷತ್ರಗಳನ್ನೇ ಪರದೆಗೆ ತಂದರು. ಇಬ್ಬರು ಆಟಗಾರರು ಒಬ್ಬರ ನೌಕೆಯನ್ನೊಬ್ಬರು ಹೊಡೆದುರುಳಿಸುವ ಭರದಲ್ಲಿ ಹಿಂದಿನ ನಕ್ಷತ್ರಗಳನ್ನು ನೋಡುತ್ತಿದ್ದರೋ ಇಲ್ಲವೋ, ಆದರೆ ಕಲ್ಪಿತ ಲೋಕವಾದರೂ ಅದರೊಳಗೆ ಇರುವುದು ಸರಿಯಾಗಿ ಇರಬೇಕೆಂಬ ಹಟ ಆಗಲೇ ಶುರುವಾಗಿತ್ತು.

ಆಟಕ್ಕೂ ಕಾದಂಬರಿಗೂ ಇರುವ ವ್ಯತ್ಯಾಸಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅರ್ಕಾಡಿ ಮತ್ತು ಬೋರಿಸ್ ಸ್ಟ್ರುಗಾಟ್‌ಸ್ಕಿ ಸಹೋದರರ ‘ರೋಡ್‌ಸೈಡ್ ಪಿಕ್‌ನಿಕ್’ 1972ರಲ್ಲಿ ಬಂದ ರಷ್ಯನ್ ಕಾದಂಬರಿ. ಅನ್ಯಗ್ರಹದವರು ಬಂದು ಹೋದ ಮೇಲೆ ಉಳಿದ ‘ವಲಯ’ವೊಂದು ಅದರಲ್ಲಿದೆ. ಅಲ್ಲಿ ಕಣ್ಣಿಗೆ ಕಾಣದ ಅಪಾಯಗಳಿವೆ; ಗುರುತ್ವಾಕರ್ಷಣೆ ಎಲ್ಲೋ ಒಂದೆಡೆ ಹಠಾತ್ತನೆ ಎಷ್ಟೋ ಪಟ್ಟು ಹೆಚ್ಚಿ, ಕಾಲಿಟ್ಟವನನ್ನು ಹಿಸುಕಿಬಿಡುತ್ತದೆ. ಕಳ್ಳದಾರಿಯಲ್ಲಿ ಒಳಹೋಗುವ ನಾಯಕ ಜೇಬಿನಿಂದ ಕಬ್ಬಿಣದ ನಟ್‌ಗಳನ್ನು ತೆಗೆದು ಮುಂದಕ್ಕೆ ಎಸೆಯುತ್ತಾನೆ, ಅದು ಹೇಗೆ ಬಿತ್ತೆಂದು ನೋಡಿ ಹೆಜ್ಜೆ ಇಡುತ್ತಾನೆ. ಓದುವ ನಾವು ಉಸಿರು ಬಿಗಿಹಿಡಿದು ಅವನ ಬೆನ್ನ ಹಿಂದೆ ನಿಂತಿರುತ್ತೇವೆ. ಅವನ ಭಯ, ಅವನ ಲೆಕ್ಕಾಚಾರ, ಸತ್ತ ಗೆಳೆಯರ ನೆನಪು ಎಲ್ಲವೂ ನಮಗೆ ಸಿಗುತ್ತವೆ. 2007ರಲ್ಲಿ ಉಕ್ರೇನಿನ ಜಿಎಸ್‌ಸಿ ಸಂಸ್ಥೆ ತಂದ ‘ಸ್ಟಾಕರ್: ಶ್ಯಾಡೋ ಆಫ್ ಚೆರ್ನೋಬಿಲ್’ ಆಟ ಈ ಕಲ್ಪನೆಯನ್ನು ಚೆರ್ನೋಬಿಲ್ ದುರಂತದ ನೆಲಕ್ಕೆ ಒಯ್ದಿತು. ಇಲ್ಲಿ ಎಸೆಯುವುದು ಬೋಲ್ಟು, ಎಸೆಯುವವರು ನಾವು. ಎಸೆದ ಬೋಲ್ಟಿಗೆ ಗಾಳಿ ಸಿಡಿದರೆ ಅಲ್ಲಿಂದ ಬಳಸಿ ಹೋಗಬೇಕು. ಮೊದಲು ಹೆಜ್ಜೆಹೆಜ್ಜೆಗೂ ಎಸೆಯುವ ಆಟಗಾರ ಕೆಲವು ಗಂಟೆಗಳ ನಂತರ ಎಲ್ಲಿ ಎಸೆಯಬೇಕು, ಎಲ್ಲಿ ಬೇಡ ಎಂಬುದನ್ನು ಯಾರೂ ಹೇಳದೆಯೇ ಅರಿತಿರುತ್ತಾನೆ. ಕಾದಂಬರಿ ಆ ಲೋಕದಲ್ಲಿ ಬದುಕಿ ಬಳಲಿದವನೊಬ್ಬನ ಮನಸ್ಸನ್ನು ತೆರೆದು ತೋರಿಸುತ್ತದೆ, ಆಟ ಆ ಲೋಕದ ಕಟ್ಟಳೆಗಳನ್ನು ನಮ್ಮ ಕೈಗೆ ರೂಢಿ ಮಾಡಿಸುತ್ತದೆ. ಹಾಗಾಗಿ ನಿಮ್ಮ ಮಗ ಓಡಾಡಿ ಬಂದದ್ದು ನಿಜ, ಆದರೆ ನೀವು ಅಲ್ಲಿ ಕಂಡವರನ್ನು ಅವನು ಕಂಡಿರಲಿಕ್ಕಿಲ್ಲ. ಆ ಕಾದಂಬರಿಯನ್ನು ಅವನ ಕೈಗೂ ಕೊಡಿ.

ಪ್ರಶ್ನೆ: ‘ನೋ ಮ್ಯಾನ್ಸ್ ಸ್ಕೈ’ ಎಂಬ ಆಟದಲ್ಲಿ ಎಣಿಸಲಾಗದಷ್ಟು ಗ್ರಹಗಳಿವೆಯಂತೆ. ಒಂದು ಡಿಸ್ಕಿನಲ್ಲಿ ಅಷ್ಟೊಂದು ಹೇಗೆ ಹಿಡಿಸುತ್ತದೆ? ಇದು ಜಾಹೀರಾತಿನ ಮಾತಲ್ಲವೆ?

ಉತ್ತರ: ಲೆಕ್ಕ ನಿಜ. 2016ರಲ್ಲಿ ಬಂದ ಆ ಆಟದಲ್ಲಿ ಗ್ರಹಗಳ ಸಂಖ್ಯೆ 2ರ 64ನೆಯ ಘಾತ, ಅಂದರೆ ಸುಮಾರು 1 ಲಕ್ಷ 84 ಸಾವಿರ ಕೋಟಿ ಕೋಟಿ. ಸೆಕೆಂಡಿಗೊಂದರಂತೆ ನೋಡುತ್ತ ಹೋದರೂ ಎಲ್ಲವನ್ನೂ ನೋಡಿ ಮುಗಿಸಲು 58 ಸಾವಿರ ಕೋಟಿ ವರ್ಷಗಳು ಬೇಕು. ನಮ್ಮ ನಿಜವಾದ ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ. ಈ ಗ್ರಹಗಳು ಡಿಸ್ಕಿನಲ್ಲಿ ಇಲ್ಲ, ಇರುವುದು ಅವುಗಳನ್ನು ಕಟ್ಟುವ ಸೂತ್ರ. ಗುಣಾಕಾರ ಬಲ್ಲವನು ಎಲ್ಲ ಮಗ್ಗಿಗಳನ್ನೂ ಬರೆದಿಟ್ಟುಕೊಳ್ಳಬೇಕಿಲ್ಲವಷ್ಟೆ? ಪ್ರತಿ ಗ್ರಹಕ್ಕೂ ‘ಸೀಡ್’ ಎನ್ನುವ ಒಂದು ಬೀಜಸಂಖ್ಯೆ ಇರುತ್ತದೆ. ನೀವು ಹತ್ತಿರ ಹೋದಾಗ ಸೂತ್ರವು ಆ ಸಂಖ್ಯೆಯಿಂದ ಬೆಟ್ಟ, ಗಿಡ, ಪ್ರಾಣಿಗಳನ್ನು ಕಟ್ಟುತ್ತದೆ, ದೂರ ಸರಿದಾಗ ಎಲ್ಲವನ್ನೂ ಅಳಿಸಿಬಿಡುತ್ತದೆ. ಮತ್ತೆ ಬಂದಾಗ ಅದೇ ಬೀಜ, ಅದೇ ಸೂತ್ರ, ಆದ್ದರಿಂದ ಅದೇ ಬೆಟ್ಟ. ನೀವು ಇಟ್ಟ ಹೆಸರು, ಕಟ್ಟಿದ ಮನೆ ಇವಿಷ್ಟನ್ನು ಮಾತ್ರ ಪ್ರತ್ಯೇಕವಾಗಿ ಉಳಿಸಿಡುತ್ತದೆ.

ಈ ಉಪಾಯವೂ ಹೊಸದಲ್ಲ. 1984ರಲ್ಲಿ ಕೇಂಬ್ರಿಡ್ಜಿನ ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಗ್ರಹದಿಂದ ಗ್ರಹಕ್ಕೆ ಹಾರಿ ವ್ಯಾಪಾರ ಮಾಡುವ ‘ಎಲೀಟ್’ ಎಂಬ ಆಟವನ್ನು ಬರೆದದ್ದು ಬಿಬಿಸಿ ಮೈಕ್ರೋ ಎಂಬ ಪುಟ್ಟ ಕಂಪ್ಯೂಟರಿಗೆ. ಅದರ ಮೆಮೊರಿ 32 ಕಿಲೋಬೈಟು, ಈಗಿನ ಒಂದು ಫೋಟೊಗೂ ಸಾಲದಷ್ಟು. ಅವರು ಮೂರು ಸಂಖ್ಯೆಗಳನ್ನು ಇಟ್ಟುಕೊಂಡು, ಮೂರನ್ನೂ ಕೂಡಿ ಬಂದ ಮೊತ್ತವನ್ನು ಕೊನೆಗೆ ಸೇರಿಸಿ, ಮೊದಲನೆಯದನ್ನು ಕೈಬಿಟ್ಟು, ಮತ್ತೆ ಮೂರನ್ನು ಕೂಡುತ್ತ ಹೋದರು. ಹೀಗೆ ಹುಟ್ಟಿದ ಅಂಕಿಗಳಿಂದಲೇ ಗ್ರಹದ ಸರ್ಕಾರ ಯಾವ ಬಗೆಯದು, ಅಲ್ಲಿ ಬೇಸಾಯ ಹೆಚ್ಚೋ ಕೈಗಾರಿಕೆಯೋ, ಅದರ ಹೆಸರೇನು ಎಂಬುದೆಲ್ಲ ತೀರ್ಮಾನವಾಗುತ್ತಿತ್ತು. ಎರಡೆರಡು ಅಕ್ಷರಗಳ ಜೋಡಿಗಳು ಸೇರಿ ಲೇವ್, ಡಿಸೊ, ಲೀಸ್ಟಿ ಎಂಬ ಹೆಸರುಗಳಾದವು. ಇದೇ ಲೆಕ್ಕದಲ್ಲಿ ಕೋಟ್ಯಂತರ ಗ್ಯಾಲಕ್ಸಿಗಳನ್ನು ಕೊಡಬೇಕೆಂಬುದು ಅವರ ಆಸೆಯಾಗಿತ್ತು. ಅಷ್ಟು ಕೊಟ್ಟರೆ ಇದು ಯಂತ್ರ ಹೆಣೆದ ಲೋಕವೆಂಬುದು ಬಯಲಾಗುತ್ತದೆಂದು ಪ್ರಕಾಶಕರು ತಡೆದರು. ಕೊನೆಗೆ ಉಳಿದದ್ದು 8 ಗ್ಯಾಲಕ್ಸಿಗಳು, ಒಂದೊಂದರಲ್ಲಿ 256 ಗ್ರಹಗಳು. ಪ್ರಕಾಶಕರ ಬುದ್ಧಿ ದೊಡ್ಡದು ಎನ್ನಬೇಕು. ಸಂಖ್ಯೆ ಬೆಳೆದಷ್ಟೂ ಒಂದು ಗ್ರಹಕ್ಕೂ ಇನ್ನೊಂದಕ್ಕೂ ನಡುವಿನ ವ್ಯತ್ಯಾಸ ಬಣ್ಣದ್ದು, ಕೊಂಬಿನದ್ದು, ಬಾಲದ್ದು ಮಾತ್ರ ಆಗಿಬಿಡುತ್ತದೆ. ಈ ಗ್ರಹದಲ್ಲಿ ಕಲಿತದ್ದು ಮುಂದಿನ ಗ್ರಹದಲ್ಲಿ ಹೊಸದೊಂದು ಅರ್ಥ ಕೊಡುವುದಿಲ್ಲ. ಇಂಥ ಆಟಗಳಲ್ಲಿ ಮೊದಲ ಹತ್ತು ಗ್ರಹಗಳಿಗೆ ಬೆರಗಾದವರು ಐವತ್ತನೆಯದಕ್ಕೆ ಆಕಳಿಸುವುದು ಈ ಕಾರಣಕ್ಕೆ. ಬ್ರೇಬೆನ್ ಅವರದೇ ಸಂಸ್ಥೆಯ ‘ಎಲೀಟ್ ಡೇಂಜರಸ್’ (2014) ನಮ್ಮ ಕ್ಷೀರಪಥವನ್ನೇ ನಿಜವಾದ ಅಳತೆಯಲ್ಲಿ, ಸುಮಾರು 40 ಸಾವಿರ ಕೋಟಿ ನಕ್ಷತ್ರ ವ್ಯವಸ್ಥೆಗಳೊಂದಿಗೆ ಕಟ್ಟಿದೆ. ಖಗೋಳಪಟ್ಟಿಗಳಲ್ಲಿರುವ ನಕ್ಷತ್ರಗಳನ್ನು ಅವುಗಳ ಜಾಗದಲ್ಲೇ ಇಟ್ಟು ಉಳಿದುದನ್ನು ಸೂತ್ರಕ್ಕೆ ಬಿಟ್ಟಿರುವುದರಿಂದ, ಅಲ್ಲಿ ದೂರ ಎಂಬುದಕ್ಕೆ ನಿಜವಾದ ಭಾರವಿದೆ.

ಪ್ರಶ್ನೆ: ಒಂದೇ ಕಥೆ ಕಾದಂಬರಿಯಲ್ಲಿ ಒಂದು ರೀತಿ, ಆಟದಲ್ಲಿ ಇನ್ನೊಂದು ರೀತಿ ಇದ್ದರೆ ಯಾವುದನ್ನು ನಂಬಬೇಕು?

ಉತ್ತರ: ಹಕ್ಕುಗಳ ಒಡೆಯರು ಹೇಳಿದ್ದೇ ಅಧಿಕೃತ ಎನ್ನುವುದು ರೂಢಿ. 2014ರಲ್ಲಿ ‘ಸ್ಟಾರ್ ವಾರ್ಸ್’ ಒಡೆಯರು ಅದುವರೆಗಿನ ಬಹುಪಾಲು ಕಾದಂಬರಿ, ಆಟಗಳನ್ನು ‘ಲೆಜೆಂಡ್ಸ್’ ಎಂಬ ಬೇರೆ ಕಪಾಟಿಗೆ ಸರಿಸಿದರು. ಅವುಗಳನ್ನು ಪ್ರೀತಿಸಿದವರ ಪ್ರೀತಿಯೇನೂ ಕಡಿಮೆಯಾಗಲಿಲ್ಲ. ಅಣುಯುದ್ಧದ ನಂತರ ಮಾಸ್ಕೋದ ಮೆಟ್ರೊ ಸುರಂಗಗಳಲ್ಲಿ ಉಳಿದವರ ಕಥೆ ಹೇಳುವ, ರಷ್ಯನ್ ಲೇಖಕ ಡಿಮಿಟ್ರಿ ಗ್ಲುಕೊವ್‌ಸ್ಕಿ ಅವರ ‘ಮೆಟ್ರೊ 2033’ರದು ಇನ್ನೂ ಸ್ವಾರಸ್ಯದ ಸಂಗತಿ. ಕಾದಂಬರಿಗೆ ಮುಕ್ತಾಯ ಒಂದೇ. 2010ರ ಆಟಕ್ಕೆ ಎರಡು, ಯಾವುದು ಸಿಗುತ್ತದೆಂಬುದು ಆಟಗಾರನ ನಡವಳಿಕೆಗೆ ಬಿಟ್ಟದ್ದು. 2013ರಲ್ಲಿ ಮುಂದಿನ ಆಟ ಬಂದಾಗ ಅದು ಕಾದಂಬರಿಗೆ ಹೊಂದುವ ಮುಕ್ತಾಯವನ್ನೇ ಹಿಡಿದು ಮುಂದುವರಿಯಿತು. ಎಚ್ಚರದಿಂದ ಆಡಿ ಇನ್ನೊಂದು ಮುಕ್ತಾಯ ಪಡೆದವರಿಗೆ ಇದು ನಿರಾಸೆಯೇ ಸರಿ, ಆದರೆ ಆ ಲೋಕದ ತರ್ಕಕ್ಕೆ ಅದೇ ಸರಿಹೊಂದುತ್ತಿತ್ತೆಂದು ನನ್ನ ಅನಿಸಿಕೆ.

ಪ್ರಶ್ನೆ: ಇಂಥ ಆಟಗಳಿಂದ ನಿಜವಾದ ವಿಜ್ಞಾನ ಕಲಿಯಬಹುದೆ?

ಉತ್ತರ: ಬಹುಪಾಲು ಆಟಗಳಿಂದ ಇಲ್ಲ. ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಿಸುವ ಆಟಗಳೇ ಹೆಚ್ಚು. ರಾಕೆಟ್ ಕಟ್ಟಿ ಹಾರಿಸುವ ‘ಕೆರ್ಬಲ್ ಸ್ಪೇಸ್ ಪ್ರೋಗ್ರಾಂ’ (2015) ಇದಕ್ಕೆ ಅಪವಾದ. ಅದರ ಗ್ರಹ ಭೂಮಿಗಿಂತ ಬಹಳ ಚಿಕ್ಕದು, ತ್ರಿಜ್ಯ 600 ಕಿಲೋಮೀಟರು ಮಾತ್ರ. ಆದ್ದರಿಂದ ಕಕ್ಷೆ ಸೇರಲು ಭೂಮಿಗೆ ಬೇಕಾಗುವ ವೇಗದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಸಾಕು. ಆದರೆ ಕಕ್ಷೆಯ ನಿಯಮಗಳು ನಮ್ಮವೇ. ಒಂದೇ ಕಕ್ಷೆಯಲ್ಲಿ ಮುಂದಿರುವ ನೌಕೆಯನ್ನು ಹಿಡಿಯಲು ಎಂಜಿನ್ ಹಚ್ಚಿ ವೇಗ ಹೆಚ್ಚಿಸಿದರೆ ನೀವು ಮೇಲಿನ ಕಕ್ಷೆಗೆ ಏರಿ ಇನ್ನೂ ಹಿಂದೆ ಬೀಳುತ್ತೀರಿ. ವೇಗ ತಗ್ಗಿಸಿ ಕೆಳಕ್ಕಿಳಿದರೆ ಬೇಗ ಸುತ್ತಿ ಅದನ್ನು ಹಿಡಿಯುತ್ತೀರಿ. ಪಠ್ಯಪುಸ್ತಕದಲ್ಲಿ ಓದಿದಾಗ ಒಪ್ಪಲು ಮನಸ್ಸು ಬಾರದ ಈ ಮಾತು, ಇಂಧನ ಮುಗಿಸಿಕೊಂಡು ಕೈಚೆಲ್ಲಿ ಕುಳಿತವನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಪ್ರಶ್ನೆ: ನನಗೆ ಅರುವತ್ತು ದಾಟಿದೆ. ಗುಂಡು ಹಾರಿಸುವ ಆಟ ಬೇಡ, ಬೆರಳುಗಳಿಗೆ ಮೊದಲಿನ ಚುರುಕಿಲ್ಲ. ವಿಜ್ಞಾನ ಕಾದಂಬರಿಯ ರುಚಿ ಇರುವ ಆಟ ಯಾವುದಾದರೂ ಇದ್ದರೆ ಸೂಚಿಸುವಿರಾ?

ಉತ್ತರ: ‘ಔಟರ್ ವೈಲ್ಡ್ಸ್’ (2019) ಆಡಿ. ಬಂದೂಕಿಲ್ಲ, ಶತ್ರು ಸೈನ್ಯವಿಲ್ಲ. ಚಿಕ್ಕದೊಂದು ಸೌರವ್ಯೂಹ, ಹಿಂದೆಂದೋ ಅಲ್ಲಿದ್ದು ಮರೆಯಾದ ಜನಾಂಗವೊಂದರ ಬರಹಗಳು, ಅವುಗಳನ್ನು ಓದಿಸುವ ಒಂದು ಯಂತ್ರ, ಇವಿಷ್ಟೇ ನಿಮ್ಮ ಬಂಡವಾಳ. 22 ನಿಮಿಷಕ್ಕೊಮ್ಮೆ ಕಾಲ ಹಿಂದಕ್ಕೆ ಸರಿದು ಎಲ್ಲವೂ ಮೊದಲಿನಂತಾಗುತ್ತದೆ. ನೀವು ತಿಳಿದುಕೊಂಡದ್ದು ಮಾತ್ರ ಉಳಿಯುತ್ತದೆ. ಅಲ್ಲೊಂದು ಜೋಡಿ ಗ್ರಹಗಳಿವೆ. ಒಂದರ ಮರಳು ಕಂಬದಂತೆ ಎದ್ದು ಇನ್ನೊಂದಕ್ಕೆ ಸುರಿಯುತ್ತಿರುತ್ತದೆ. ಒಂದರಲ್ಲಿ ಹುದುಗಿದ್ದ ಗೋಪುರಗಳು ಮೇಲೆದ್ದು ಕಾಣುವ ಹೊತ್ತಿಗೆ ಇನ್ನೊಂದರ ಗುಹೆಗಳು ಮುಚ್ಚಿಹೋಗುತ್ತಿರುತ್ತವೆ. ಎಲ್ಲಿಗೆ ಹೋಗಬೇಕೆಂಬುದರ ಜೊತೆಗೆ ಎಷ್ಟು ಹೊತ್ತಿಗೆ ಹೋಗಬೇಕೆಂಬುದನ್ನೂ ನೀವೇ ಕಂಡುಕೊಳ್ಳಬೇಕು. ಗ್ರಹಗಳು ಬೆರಳೆಣಿಕೆಯವು, ಆದರೆ ಪ್ರತಿಯೊಂದರಲ್ಲಿ ಕಲಿತದ್ದಕ್ಕೂ ಬೇರೊಂದರಲ್ಲಿ ಬೆಲೆಯಿದೆ.

ನೌಕೆ ನಡೆಸುವುದಕ್ಕೆ ಮೊದಮೊದಲು ಕೈ ಪಳಗಬೇಕಾಗುತ್ತದೆ, ಏಕೆಂದರೆ ಒಮ್ಮೆ ತಳ್ಳಿದ ನೌಕೆ ಎದುರು ದಿಕ್ಕಿಗೆ ತಳ್ಳುವವರೆಗೂ ಸಾಗುತ್ತಲೇ ಇರುತ್ತದೆ. ಕಂಟ್ರೋಲರ್ ಹಿಡಿದು ನಿಧಾನವಾಗಿ ಆಡಿ. ತಲೆ ಸುತ್ತಿದಂತಾದರೆ ಸೆಟ್ಟಿಂಗ್ಸ್‌ನಲ್ಲಿ ದೃಷ್ಟಿಯ ಅಗಲವನ್ನು ಹೆಚ್ಚಿಸಿ ನೋಡಿ, ಹೋಗದಿದ್ದರೆ ಆ ಹೊತ್ತಿಗೆ ಎದ್ದುಬಿಡಿ. ಎಲ್ಲಾದರೂ ಸಿಕ್ಕಿಕೊಂಡಾಗ ಅಂತರ್ಜಾಲದಲ್ಲಿ ಉತ್ತರ ಹುಡುಕಬೇಡಿ. ಈ ಆಟದಲ್ಲಿ ಗಳಿಸುವುದು ತಿಳಿವಳಿಕೆಯನ್ನೇ ಆದ್ದರಿಂದ, ಓದಿಕೊಂಡ ಉತ್ತರ ಒಂದು ಗ್ರಹವನ್ನೇ ನಿಮ್ಮಿಂದ ಕಸಿದುಕೊಂಡಂತೆ. ನೌಕೆಯ ದಾಖಲೆ ಪುಸ್ತಕದಲ್ಲಿ ನೀವು ಕಂಡದ್ದೆಲ್ಲ ತಾನಾಗಿ ಬರೆದಿರುತ್ತದೆ, ಅದನ್ನು ಆಗಾಗ ತಿರುವಿಹಾಕಿದರೆ ಸಾಕು. ಇನ್ನೊಂದು ಮಾತು: ಆಟೊಪೈಲಟ್ ಒತ್ತುವ ಮೊದಲು ನಿಮಗೂ ಗುರಿಗೂ ನಡುವೆ ಸೂರ್ಯನಿದ್ದಾನೆಯೇ ಎಂದು ನೋಡಿಕೊಳ್ಳಿ. ಅದು ನೇರ ದಾರಿಯನ್ನಷ್ಟೇ ಬಲ್ಲದು.