ಭಾರ ಎತ್ತುವಾಗ ತೋಳಿನ ಸ್ನಾಯು ಕುಗ್ಗುವುದು ಹೇಗೆ?

ತುಂಬಿದ ಬಿಂದಿಗೆ ಎತ್ತಿದಾಗ ತೋಳಿನ ಸ್ನಾಯು ಗಿಡ್ಡವಾಗಿ ಉಬ್ಬುತ್ತದೆ. ಒಳಗಿನ ಎಳೆಗಳೇ ಮುದುಡುತ್ತವೆಯೇ ಎಂದು ಕೇಳಿದ್ದೀರಿ. ಇಲ್ಲ, ಎಳೆಗಳ ಉದ್ದ ಬದಲಾಗುವುದಿಲ್ಲ! ಅವು ಒಂದರ ಪಕ್ಕದಲ್ಲೊಂದು ಜಾರುತ್ತವೆ. 1954ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದನ್ನು ತೋರಿಸಿದವು.

ನರದ ಸಂದೇಶ ತಲುಪಿದೊಡನೆ ಸ್ನಾಯುಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಅದರಿಂದ ತೆಳು ಎಳೆಯಾದ ಆಕ್ಟಿನ್‌ನ ಮೇಲಿನ ತಡೆ ಸರಿಯುತ್ತದೆ. ಆಗ ದಪ್ಪ ಎಳೆಯಾದ ಮಯೋಸಿನ್‌ನಿಂದ ಹೊರಚಾಚಿದ ಪುಟ್ಟ ತಲೆಗಳು ಆಕ್ಟಿನ್ನನ್ನು ಹಿಡಿದು, ಬಾಗಿ, ಎಳೆಯುತ್ತವೆ. ಬಿಟ್ಟು, ಸ್ವಲ್ಪ ಮುಂದೆ ಮತ್ತೆ ಹಿಡಿಯುತ್ತವೆ. ಬಾವಿಯ ಹಗ್ಗವನ್ನು ಕೈ ಬದಲಿಸುತ್ತ ಜಗ್ಗಿ ನೀರು ಸೇದುವ ಹಾಗೆ. ಒಂದು ಜಗ್ಗಿಗೆ ಸರಿಯುವುದು ಸುಮಾರು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು. ಆದರೆ ಜಗ್ಗುವ ತಲೆಗಳಿಗೆ ಲೆಕ್ಕವಿಲ್ಲ.

ನನಗೆ ಇಂದಿಗೂ ಅಚ್ಚರಿ ತರುವ ಸಂಗತಿಯೆಂದರೆ, ಹಿಡಿತ ಬಿಡುವುದಕ್ಕೂ ಶಕ್ತಿಯ ಅಣುವಾದ ಎಟಿಪಿ ಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಎಟಿಪಿ ಮುಗಿದು ಆ ತಲೆಗಳು ಅಂಟಿಕೊಂಡೇ ಉಳಿಯುವುದರಿಂದ.

ಹೆಚ್ಚು ಬಲ ಬೇಕಾದಾಗ ಮಿದುಳು ಹೆಚ್ಚು ಸ್ನಾಯುಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ, ಸಂದೇಶಗಳನ್ನು ಬೇಗಬೇಗ ಕಳಿಸುತ್ತದೆ. ತೋಳಿನ ಮುಂಭಾಗದ ಈ ಸ್ನಾಯು, ಅಂದರೆ ಬೈಸೆಪ್ಸ್, ಮುಂಗೈ ಮೂಳೆಗೆ ಅಂಟಿರುವುದು ಮೊಣಕೈಯಿಂದ ಸುಮಾರು 4 ಸೆಂ.ಮೀ. ದೂರದಲ್ಲಿ, ಅಂಗೈ ಇರುವುದು 30 ಸೆಂ.ಮೀ.ಗೂ ಆಚೆ. ಹಾಗಾಗಿ, ಸನ್ನೆಗೋಲಿನ ನಿಯಮದಂತೆ, ಮೊಣಕೈ ಮಡಿಸಿ 5 ಕೆ.ಜಿ. ಹಿಡಿದರೆ, ಸ್ನಾಯು 35 ಕೆ.ಜಿ.ಗೂ ಮಿಕ್ಕ ಭಾರವನ್ನು ಎಳೆದಷ್ಟು ದುಡಿಯುತ್ತದೆ.