ಕಪ್ಪೆಗಳ ವಂಶವೃಕ್ಷಕ್ಕೆ 32 ಕೋರ್ ಬೇಡ, 2 ಸಾಕು

ನಮಸ್ಕಾರ ಮೇಡಂ. ಪಶ್ಚಿಮ ಘಟ್ಟದ ಕಪ್ಪೆಗಳ 62 ಡಿಎನ್‌ಎ ಸೀಕ್ವೆನ್ಸ್, ಒಂದೇ 16ಎಸ್ ಜೀನ್, ವಂಶವೃಕ್ಷ ಕಟ್ಟುವ ಐಕ್ಯೂ-ಟ್ರೀ 2 ಪ್ರೋಗ್ರಾಂ. ಯೂನಿವರ್ಸಿಟಿ ಕ್ಲಸ್ಟರ್‌ನಲ್ಲಿ (ಹಲವರು ಹಂಚಿಕೊಳ್ಳುವ ಕಂಪ್ಯೂಟರ್‌ಗಳ ಗುಂಪು) 32 ಕೋರ್, ಅಂದರೆ ಪ್ರೊಸೆಸರ್ ಘಟಕ, ಕೇಳಿ ಎರಡು ದಿನ ಕ್ಯೂನಲ್ಲಿ ಕಾದಿರಿ, ಕೊನೆಗೆ 24 ಗಂಟೆ ಓಡಿ ಟೈಮ್ ಮುಗಿದು ಜಾಬ್ ನಿಂತುಹೋಯಿತು ಅಂತ ಬರೆದಿದ್ದೀರಿ. ನೀವು ಹಾಕಿದ ಲಾಗ್ (ಪ್ರೋಗ್ರಾಂ ಬರೆದಿಟ್ಟ ವರದಿ) ನೋಡಿದೆ. ಒಂದು ಕಾರಣ ಮೊದಲ ಸಾಲುಗಳಲ್ಲೇ ಇದೆ: 548 ಕಾಲಂ, 241 ಡಿಸ್ಟಿಂಕ್ಟ್ ಪ್ಯಾಟರ್ನ್.

ಈ 241 ನೋಡಿ. ಅಲೈನ್‌ಮೆಂಟ್‌ನಲ್ಲಿ (ಸೀಕ್ವೆನ್ಸ್‌ಗಳನ್ನು ಒಂದರ ಕೆಳಗೊಂದು ಹೊಂದಿಸಿಟ್ಟ ಪಟ್ಟಿ) ಒಂದೇ ಥರ ಇರುವ ಕಾಲಂಗಳನ್ನು ಪ್ರೋಗ್ರಾಂ ಒಂದೇ ಸಲ ಲೆಕ್ಕ ಹಾಕುತ್ತದೆ. ಹಾಗಾಗಿ ನಿಜವಾದ ಕೆಲಸ 241 ಕಾಲಂನಷ್ಟೇ. ಅದನ್ನು 32 ಥ್ರೆಡ್‌ಗೆ (ಒಟ್ಟಿಗೆ ಓಡುವ ಕೆಲಸದ ಎಳೆ) ಹಂಚಿದರೆ ಒಂದೊಂದಕ್ಕೆ ಏಳೆಂಟು ಸಿಗುತ್ತದೆ. ಆ ಪಾಲು ಕ್ಷಣದಲ್ಲಿ ಮುಗಿಯುತ್ತದೆ, ಆಮೇಲೆ ಪ್ರತಿ ಹಂತದಲ್ಲೂ ಒಂದು ಥ್ರೆಡ್ ಇನ್ನೊಂದಕ್ಕೆ ಕಾಯಬೇಕು. ಒಂದು ಗುಂಟೆ ಗದ್ದೆಗೆ 32 ಆಳು ನಾಟಿಗೆ ಇಳಿದ ಹಾಗೆ, ಕಾಲಿಗೆ ಕಾಲು ತಗಲುತ್ತದೆ. ಡಿಎನ್‌ಎ ಆದರೆ ಸುಮಾರು 500 ಪ್ಯಾಟರ್ನ್‌ಗೆ ಒಂದು ಥ್ರೆಡ್ ಅನ್ನೋದು ರಾಕ್ಸ್‌ಎಂಎಲ್ ಎಂಬ ಇಂಥದೇ ಪ್ರೋಗ್ರಾಂ ಬಳಸುವವರ ಹಳೇ ಅಂದಾಜು. ನಿಮಗೆ ಒಂದೇ ಸಾಕು, ಎರಡು ಧಾರಾಳ. ಕಡಿಮೆ ಕೇಳಿದರೆ ಕ್ಯೂನಲ್ಲೂ ಬೇಗ ಸಿಗುತ್ತದೆ.

ಇನ್ನೊಂದು ವಿಷಯ. ಸ್ಲರ್ಮ್ (ಕ್ಲಸ್ಟರ್‌ನಲ್ಲಿ ಜಾಬ್‌ಗಳ ಕ್ಯೂ ನೋಡಿಕೊಳ್ಳುವ ಪ್ರೋಗ್ರಾಂ) ಸ್ಕ್ರಿಪ್ಟ್‌ನಲ್ಲಿ ಕೇಳಿದ ಕೋರ್ ಎಷ್ಟೋ, ಐಕ್ಯೂ-ಟ್ರೀಗೆ ಕೊಡುವ ಥ್ರೆಡ್ ಸಂಖ್ಯೆಯೂ ಅಷ್ಟೇ ಇರಲಿ. ಅಲ್ಲಿ 2, ಇಲ್ಲಿ 32 ಅಂತ ಬಿಟ್ಟರೆ ಎರಡು ಕೋರ್‌ಗೆ 32 ಥ್ರೆಡ್ ಜಗಳ ಆಡುತ್ತವೆ.

ಆದರೆ 24 ಗಂಟೆ ತಿಂದಿದ್ದು ಜಾಸ್ತಿ ಇದು: ಬೂಟ್‌ಸ್ಟ್ರ್ಯಾಪ್‌ಗೆ (ಮರದ ಕವಲುಗಳು ಎಷ್ಟು ಗಟ್ಟಿ ಅಂತ ನೋಡುವ ಪರೀಕ್ಷೆ) ನೀವು ಕಮಾಂಡ್‌ನಲ್ಲಿ ಸಣ್ಣ ಬಿ (-b) ಹಾಕಿ 1000 ಕೊಟ್ಟಿದ್ದೀರಿ. ಸಣ್ಣ ಬಿ ಅಂದರೆ ಮಾಮೂಲಿ ಬೂಟ್‌ಸ್ಟ್ರ್ಯಾಪ್, ಸಾವಿರ ಸಲ ಮರವನ್ನು ಹೊಸದಾಗಿ ಹುಡುಕುತ್ತದೆ. ನಿಮಗೆ ಬೇಕಿದ್ದದ್ದು ದೊಡ್ಡ ಬಿ (-B), ಅಂದರೆ ಬೇಗ ಮುಗಿಯುವ ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರ್ಯಾಪ್. ಒಂದು ಅಕ್ಷರದ ವ್ಯತ್ಯಾಸ, ಅಲ್ವಾ? ಎರಡರ ಅಂಕಿಯನ್ನು ಒಂದೇ ಥರ ಓದಬೇಡಿ. ಮಾಮೂಲಿಯಲ್ಲಿ 70 ಬಂದರೆ ಜನ ಒಪ್ಪುತ್ತಾರೆ, ಅಲ್ಟ್ರಾಫಾಸ್ಟ್‌ನಲ್ಲಿ 95 ದಾಟಿದ ಕವಲನ್ನು ಮಾತ್ರ ನಂಬಿ.

ಜಾಬ್ ನಿಂತರೂ ಮಾಡಿದ ಕೆಲಸ ಹೋಗುವುದಿಲ್ಲ. ಚೆಕ್‌ಪಾಯಿಂಟ್ ಫೈಲ್ ಉಳಿದಿರುತ್ತದೆ, ಅದೇ ಕಮಾಂಡ್ ಮತ್ತೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಈ ಸಲ ಮಾತ್ರ ಬೂಟ್‌ಸ್ಟ್ರ್ಯಾಪ್ ಬದಲಾಗುವುದರಿಂದ ಹೊಸ ಪ್ರಿಫಿಕ್ಸ್ (ಫಲಿತಾಂಶದ ಫೈಲ್‌ಗಳ ಹೆಸರಿನ ಮೊದಲ ಭಾಗ) ಕೊಟ್ಟು ಮೊದಲಿನಿಂದ ಶುರುಮಾಡಿ.

ಕೋರ್ ಸಿಕ್ಕೇ ಸಿಗುತ್ತವೆ ಅಂದರೆ ಅವನ್ನು ಬೇರೆ ಥರ ಬಳಸಿ. ಜಾಬ್ ಅರೇ (ಒಂದೇ ಥರದ ಹಲವು ಜಾಬ್ ಒಟ್ಟಿಗೆ) ಮಾಡಿ, ಹತ್ತು ಬೇರೆ ಬೇರೆ ಸೀಡ್ (ಹುಡುಕಾಟ ಶುರುವಾಗುವ ಯಾದೃಚ್ಛಿಕ ಸಂಖ್ಯೆ), ಒಂದೊಂದಕ್ಕೆ ಒಂದು ಕೋರ್. ಹತ್ತು ಜಾತಿಗೇ ಬೇರು ಗುರುತಿಸದ ಮರಗಳು 20,27,025 ಆಗಬಹುದು. 62ಕ್ಕೆ ಎಲ್ಲವನ್ನೂ ನೋಡುವ ಮಾತೇ ಇಲ್ಲ, ಹುಡುಕಾಟ ಎಲ್ಲೋ ಸಿಕ್ಕಿಹಾಕಿಕೊಳ್ಳಬಹುದು. ಹತ್ತರ ಲಾಗ್-ಲೈಕ್ಲಿಹುಡ್ (ಮರ ಡೇಟಾಗೆ ಎಷ್ಟು ಹೊಂದುತ್ತದೆ ಅನ್ನುವ ಮೈನಸ್ ಅಂಕಿ) ಪಕ್ಕಪಕ್ಕ ಇಟ್ಟು ಸೊನ್ನೆಗೆ ಹತ್ತಿರ ಇರುವುದನ್ನು ಇಟ್ಟುಕೊಳ್ಳಿ.

ಓಡಿಸುವ ಮುಂಚೆ ದಯವಿಟ್ಟು ಅಲೈನ್‌ಮೆಂಟನ್ನು ಅಲಿವ್ಯೂ ಎಂಬ ಅಲೈನ್‌ಮೆಂಟ್ ನೋಡುವ ಪ್ರೋಗ್ರಾಂನಲ್ಲಿ ತೆರೆದು ಕಣ್ಣಾರೆ ನೋಡಿ. ನೀವು ಹಾಕಿದ ಮರದ ಚಿತ್ರದಲ್ಲಿ ಒಂದು ಕಪ್ಪೆ ಮಾತ್ರ ಉದ್ದ ಕೊಂಬೆಯ ತುದಿಯಲ್ಲಿ ಒಂಟಿಯಾಗಿದೆ. ಅದು ಹೊಸ ಜಾತಿ ಅಂತ ಖುಷಿಪಡುವ ಮೊದಲು ಆ ಸೀಕ್ವೆನ್ಸ್ ಉಲ್ಟಾ ಇದೆಯಾ ಪರೀಕ್ಷಿಸಿ. ಅಲೈನ್ ಮಾಡುವ ಮಾಫ್ಟ್ ಪ್ರೋಗ್ರಾಂನಲ್ಲಿ ದಿಕ್ಕು ಸರಿಮಾಡುವ ಆಪ್ಷನ್ ಇದೆ, ಅದನ್ನು ಹಾಕಿ ಮತ್ತೆ ಅಲೈನ್ ಮಾಡಿ. ಹೊಸ ಲಾಗ್ ಬಂದ ಮೇಲೆ ಇಲ್ಲೇ ಹಾಕಿ, ಆ ಕಪ್ಪೆ ಎಲ್ಲಿ ಕೂತಿತು ಅಂತ ನನಗೂ ನೋಡಬೇಕು.